ಆಲ್ಟೋ 800: ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಮತ್ತೆ ಮೌನ. ಬ್ಯಾಟರಿ ಹೊಸದು!

ತೋಟದಮನೆ (ಶಿರಸಿ):

2014ರ ಆಲ್ಟೋ 800, ಪೆಟ್ರೋಲ್, ಓಡಿದ್ದು 61 ಸಾವಿರ ಕಿಲೋಮೀಟರ್. ನಮ್ಮ ಮನೆ ಶಿರಸಿಯಿಂದ 17 ಕಿ.ಮೀ. ಒಳಗೆ. ಮಳೆಗಾಲ ಹಿಡಿದಾಗಿನಿಂದ ಈ ಕಾರು ನನ್ನ ಮರ್ಯಾದೆ ತೆಗೆಯುತ್ತಿದೆ.

ಕೀ ಹಾಕಿದರೆ ಡ್ಯಾಶ್‌ಬೋರ್ಡ್ ದೀಪವೆಲ್ಲ ಚೆನ್ನಾಗಿ ಹತ್ತುತ್ತದೆ. ಹಾರ್ನ್ ಹೊಡೆದರೆ ಆಚೆ ಮನೆಯ ನಾಯಿ ಬೊಗಳುತ್ತದೆ, ಅಷ್ಟು ಜೋರು. ಸೆಲ್ಫ್ ಹೊಡೆಯಲು ಹೋದರೆ ಮಾತ್ರ ಬಾನೆಟ್ ಒಳಗೆ ಒಂದೇ ಒಂದು ‘ಟಕ್’. ಇಂಜಿನ್ ಅಲ್ಲಾಡುವುದೂ ಇಲ್ಲ. ಹತ್ತು ಸಲ ತಿರುಗಿಸಿದರೆ ಒಂದು ಸಲ ಏನೋ ಮನಸ್ಸು ಬಂದ ಹಾಗೆ ಸ್ಟಾರ್ಟ್ ಆಗುತ್ತದೆ. ಆದಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬಂದರೂ ತಕರಾರಿಲ್ಲ.

ಮೊದಲು ತೋರಿಸಿದ ಮೆಕ್ಯಾನಿಕ್ ಬ್ಯಾಟರಿ ಹೋಗಿದೆ ಅಂದರು. 4,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಎಂಟು ದಿನ ಸರಿ ಇತ್ತು. ಎರಡನೆಯವರು ಸೆಲ್ಫ್ ಮೋಟರ್ ಬಿಚ್ಚಿ ಬ್ರಷ್ ಬದಲಿಸಿದರು, 2,800. ನಾಲ್ಕು ದಿನ ಸರಿ ಇತ್ತು. ಈಗ ಮೂರನೆಯವರು ಇಗ್ನಿಷನ್ ಸ್ವಿಚ್ ಅನ್ನುತ್ತಿದ್ದಾರೆ.

ಇನ್ನೊಂದು ವಿಚಿತ್ರ ಇದೆ. ಪಕ್ಕದ ಮನೆಯವರ ಜೀಪಿನಿಂದ ಜಂಪರ್ ಕೇಬಲ್ ಹಾಕಿದೆವು, ಅದೇ ‘ಟಕ್’. ಮುಂದಿನ ವಾರ ಅದೇ ಜೀಪು, ಅದೇ ಕೇಬಲ್, ಕೀ ಮುಟ್ಟಿದ್ದೇ ತಡ ಸ್ಟಾರ್ಟ್!

ಮಲೆನಾಡಿನ ಮನೆ ಗೊತ್ತಲ್ಲ, ತೋಟದ ಪಕ್ಕ ಹೊಂಡದಲ್ಲಿ. ರಸ್ತೆ ಮೇಲೆ. ಅಂಗಳದಿಂದ ಏರು ಹತ್ತಿಸಿ ದಬ್ಬಲು ನಾಲ್ಕು ಜನ ಬೇಕು, ಅಡಕೆಗೆ ಮದ್ದು ಹೊಡೆಯುವ ಈ ದಿನಗಳಲ್ಲಿ ಒಬ್ಬ ಆಳೂ ಸಿಗುವುದಿಲ್ಲ. ಹಾಗಾಗಿ ಕಾರನ್ನು ದರೆಯ ಮೇಲೆ ರಸ್ತೆ ಬದಿಗೆ, ಮುಖ ಇಳಿಜಾರಿಗೆ ಮಾಡಿ, ತಾಡಪಾಲು ಹೊದೆಸಿ ನಿಲ್ಲಿಸಿದ್ದೇನೆ. ನ್ಯೂಟ್ರಲ್ ಮಾಡಿ ಬಿಟ್ಟು, ಓಟ ಬಂದಾಗ ಎರಡನೇ ಗೇರಿಗೆ ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ವಾರಕ್ಕೊಮ್ಮೆ ಆಯಿಯನ್ನು ಮೊಣಕಾಲಿಗೆ ತೋರಿಸಲು ಪೇಟೆಗೆ ಕರೆದೊಯ್ಯಬೇಕು. ಆ ಮೊಣಕಾಲಿನಲ್ಲಿ ಅವಳು ಕೊಡೆ ಹಿಡಿದು ಏರು ಹತ್ತಿ ಕಾರಿನ ಹತ್ತಿರ ಬರಬೇಕು! “ಇದಕ್ಕಿಂತ ಎತ್ತಿನಗಾಡಿನೇ ಅಡ್ಡಿಲ್ಲೆ” ಅಂತ ಮೊನ್ನೆ ಹೇಳಿದಳು.

ಸ್ವಿಚ್ ಹಾಕಿಸಲೋ ಬೇಡವೋ?

ಅರಬೈಲ್ ತಿರುವು (ಯಲ್ಲಾಪುರ):

ಹೊಸ ಬ್ಯಾಟರಿಯೇ ಖೋಟಾ ಇರಬೇಕು. ವಾರಂಟಿ ಕಾರ್ಡ್ ತಗೊಂಡು ಹೋಗಿ ಅಂಗಡಿಯಲ್ಲಿ ಗಲಾಟೆ ಮಾಡಿ. ಸಿಟ್ಟು ಮಾಡದೆ ಯಾರೂ ಬದಲಿಸಿ ಕೊಡುವುದಿಲ್ಲ.

ಶರಾವತಿ ದಂಡೆ (ಹೊನ್ನಾವರ):

ಇಲಿ ನೋಡಿದ್ರಾ? ಹೋದ ವರ್ಷ ನಮ್ಮ ವ್ಯಾಗನ್‌ಆರ್‌ಗೆ ಇದೇ ಗತಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ತೆಂಗಿನ ನಾರು ತುಂಬಿ ಸಂಸಾರ ಹೂಡಿದ್ದವು, ಇಂಜೆಕ್ಟರಿನ ವೈರ್ ಕಡಿದಿದ್ದವು. ಡಾಂಬರು ಗುಳಿಗೆ ಇಟ್ಟೆ, ಅದರ ಪಕ್ಕದಲ್ಲೇ ಮರಿ ಹಾಕಿದವು. ಈಗ ರಾತ್ರಿ ಬಾನೆಟ್ ಎತ್ತಿಯೇ ಇಡುತ್ತೇನೆ, ಬೆಳಕು ಗಾಳಿ ಇದ್ದರೆ ಬರುವುದು ಕಡಿಮೆ. ಮತ್ತೆ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ‘ಝೂಂ’ ಅನ್ನಬೇಕು, ಅದನ್ನೂ ಕಿವಿಗೊಟ್ಟು ಕೇಳಿ.

ಹಳೆ ಪಾನಾ (ಕಾರವಾರ):

ಹೊನ್ನಾವರದ ಅಕ್ಕ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಕಾಯಿಲೆ. ಇಂಜಿನ್ ಗರಗರ ತಿರುಗಿ ಹತ್ತಿಕೊಳ್ಳದಿದ್ದರೆ ಪೆಟ್ರೋಲ್, ಪ್ಲಗ್, ಇಲಿ ಎಲ್ಲಾ ನೋಡೂದು. ಇವರದ್ದು ತಿರುಗೂದೇ ಇಲ್ಲ. ‘ಸ್ಟಾರ್ಟ್ ಆಗೂದಿಲ್ಲ’ ಅಂತ ಬಂದ ಗಿರಾಕಿಗೆ ನಾನು ಕೇಳ್ತಿದ್ದ ಮೊದಲ ಪ್ರಶ್ನೆನೇ ಅದು, ತಿರುಗ್ತದಾ ಇಲ್ವಾ.

ತೋಟದಮನೆಯವರೇ, ಸ್ವಿಚ್ಚಿಗೆ ದುಡ್ಡು ಹಾಕಬೇಡಿ. ಆ ‘ಟಕ್’ ಇದೆಯಲ್ಲ, ಅದೇ ಸ್ವಿಚ್ ಸರಿ ಇದೆ ಅನ್ನೂದಕ್ಕೆ ಸಾಕ್ಷಿ. ಕೀಯಿಂದ ಹೊರಟ ಕರೆಂಟು ಸೆಲ್ಫ್ ಮೇಲಿನ ಸೊಲೆನಾಯ್ಡ್ (ಕರೆಂಟು ಬಂದರೆ ಎಳೆದು ಮೋಟರಿಗೆ ದಾರಿ ಕೊಡುವ ಸ್ವಿಚ್) ತನಕ ಬಂತು, ಅದು ಎಳೀತು. ಆಮೇಲೆ ಮೋಟರ್ ತಿರುಗಬೇಕಾದರೆ ನೂರು ಆಂಪಿಯರ್‌ಗೂ ಮೇಲೆ ಬೇಕು. ಹಾರ್ನಿಗೆ, ಡ್ಯಾಶ್‌ಬೋರ್ಡಿಗೆ ಹತ್ತರೊಳಗೆ ಮುಗೀತದೆ. ಅಡಕೆ ತೋಟದ ಸಂಕದ (ಕಾಲುಸೇತುವೆ) ಮೇಲೆ ಮನುಷ್ಯ ದಾಟ್ತಾನೆ, ಲಾರಿ ದಾಟ್ತದಾ? ನಿಮ್ಮ ಕಾರಿನಲ್ಲಿ ಎಲ್ಲೋ ಒಂದು ಕಡೆ ರಸ್ತೆ ಹೋಗಿ ಸಂಕ ಉಳಿದಿದೆ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಜಂಪರ್ ವಿಷಯ. ನೆನಪು ಮಾಡಿ ಹೇಳಿ: ಮೊದಲ ಸಲ ಕಪ್ಪು ಕ್ಲಿಪ್ಪನ್ನು ಎಲ್ಲಿಗೆ ಕಚ್ಚಿಸಿದ್ರಿ? ಎರಡನೇ ಸಲ ಎಲ್ಲಿಗೆ?

ಅದನ್ನು ಹೇಳೂ ಮೊದಲು ಇದೊಂದು ನೋಡಿ. ಶಿರಸಿಯಲ್ಲಿ ಮುನ್ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗ್ತದೆ. ಡಿಸಿ 20 ವೋಲ್ಟಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಾರು ಸುಮ್ಮನೆ ನಿಂತಾಗ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಅಂದ್ರೆ ಹೆಚ್ಚುಕಡಿಮೆ ಅರ್ಧ. ಈಗ ಯಾರನ್ನಾದರೂ ಕೂರಿಸಿ ಕೀ ತಿರುಗಿಸಿ ಹಿಡಿಯೂಕೆ ಹೇಳಿ, ಎರಡು ಮೂರು ಸೆಕೆಂಡ್ ಸಾಕು. ಆ ಹೊತ್ತಿಗೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಗುಬ್ಬಿಯ ಮೇಲೆ (ಕ್ಲಾಂಪಿನ ಮೇಲೆ ಅಲ್ಲ, ಸೀಸದ ಗುಬ್ಬಿಯ ಮೇಲೇ), ಇನ್ನೊಂದು ಇಂಜಿನ್ನಿನ ಬೋಳು ಲೋಹದ ಮೇಲೆ. ಕಾಲು ವೋಲ್ಟಿನ ಒಳಗಿದ್ದರೆ ನಾನು ಹೇಳಿದ್ದು ತಪ್ಪು. ಅರ್ಧ ದಾಟಿದರೆ ಅರ್ತ್ ಕೇಬಲ್ (ಬ್ಯಾಟರಿ ಮೈನಸ್ಸಿನಿಂದ ಇಂಜಿನ್ನಿಗೆ ಹೋಗೂದು) ಕಳ್ಳ.

ಬ್ಯಾಟರಿ ಹಾಕಿದಾಗ ಎಂಟು ದಿನ, ಸೆಲ್ಫ್ ಮಾಡಿದಾಗ ನಾಲ್ಕು ದಿನ ಸರಿ ಇತ್ತು ಅಂದ್ರಲ್ಲ. ಎರಡೂ ಸಲ ಕೇಬಲ್ ಬಿಚ್ಚಿ ಹಾಕಿದ್ದಾರೆ, ಅಲ್ಲಾಡಿದ್ದಕ್ಕೆ ಸ್ವಲ್ಪ ದಿನ ಕಚ್ಚಿಕೊಂಡಿದೆ. ಅವರಿಬ್ಬರು ಮೋಸ ಮಾಡಿದ್ದಲ್ಲ, ಪುಣ್ಯಕ್ಕೆ ಸರಿ ಆದದ್ದನ್ನು ತಮ್ಮ ಕೈಗುಣ ಅಂದುಕೊಂಡಿದ್ದಾರೆ. ನಾನೂ ಮೊದಮೊದಲು ಹಾಗೇ ಅಂದುಕೊಳ್ತಿದ್ದೆ.

ಬೈತಖೋಲ್ ಬಂದರಿನ ಮೀನು ಟೆಂಪೋಗಳಲ್ಲಿ ಇದು ನಮಗೆ ದಿನನಿತ್ಯದ್ದು. ಐಸು ಕರಗಿದ ಉಪ್ಪುನೀರು ಇಳಿದು ಇಳಿದು ಅರ್ತ್ ಪಟ್ಟಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಒಮ್ಮೆ ಒಬ್ಬರ ಗಾಡಿಯಲ್ಲಿ ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್‌ನಿಂದ ಹೊಗೆ ಬಂತು! ಕರೆಂಟಿಗೆ ವಾಪಸ್ ಹೋಗೂಕೆ ಸರಿಯಾದ ದಾರಿ ಇಲ್ಲದೆ ಕ್ಲಚ್ ಕೇಬಲ್ ಹಿಡಿದು ಹೋಗಿತ್ತು. ಆದ್ದರಿಂದ ಹತ್ತು ಹತ್ತು ಸಲ ತಿರುಗಿಸೂದು ಬಿಡಿ.

ತೋಟದಮನೆ (ಶಿರಸಿ):

ಮಾರಾಯ್ರೆ, ನೀವು ಕಾರವಾರದಲ್ಲಿ ಕೂತು ಇಲ್ಲಿಯ ಬಾನೆಟ್ ಒಳಗೆ ನೋಡಿದಿರಾ?

ಜೀಪಿನವರನ್ನು ಕೇಳಿದೆ. ಮೊದಲ ಸಲ ಕಪ್ಪು ಕ್ಲಿಪ್ ಬ್ಯಾಟರಿಯ ಮೈನಸ್ಸಿಗೇ ಹಾಕಿದ್ದು. ಎರಡನೇ ಸಲ ಅವರ ಮಗ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವವ, ಬ್ಯಾಟರಿ ಹತ್ತಿರ ಕಿಡಿ ಹಾರಿದರೆ ಗ್ಯಾಸಿಗೆ ಹೊತ್ತಿಕೊಳ್ಳುತ್ತದೆ ಅಂತ ಇಂಜಿನ್ ಎತ್ತುವ ಕೊಕ್ಕೆಗೆ ಕಚ್ಚಿಸಿದ್ದನಂತೆ. ಬೆಂಕಿಗೆ ಹೆದರಿದವನಿಗೆ ಕಾರಿನ ಕಾಯಿಲೆ ಸಿಕ್ಕಿತ್ತು, ನಮಗೆ ತಲೆ ಓಡಲಿಲ್ಲ.

ಮೀಟರ್ ತಂದೆ. ಬ್ಯಾಟರಿ 12.3. ಮಗಳು ಕೀ ತಿರುಗಿಸಿದಾಗ ಗುಬ್ಬಿಯಿಂದ ಇಂಜಿನ್ನಿಗೆ 4.1 ವೋಲ್ಟ್! ಮೂರು ಸಲ ನೋಡಿದೆ.

ಕೇಬಲ್ ಹಿಂಬಾಲಿಸಿಕೊಂಡು ಹೋದರೆ ಮೈನಸ್ ಕ್ಲಾಂಪಿನಿಂದ ಎರಡು ಕವಲು, ಒಂದು ಕಾರಿನ ತಗಡಿಗೆ, ದಪ್ಪದ್ದು ಗೇರ್‌ಬಾಕ್ಸಿಗೆ. ಮೇಲಿಂದ ನೋಡಲು ಏನೂ ಆಗಿಲ್ಲ. ದಪ್ಪದ್ದನ್ನು ಬಗ್ಗಿಸಿದರೆ ಒಳಗೆ ಕರುಕುರು. ಕಪ್ಪು ಸಿಪ್ಪೆ ಸೀಳಿದೆ. ಒಳಗೆ ತಂತಿ ಬದಲು ನೀಲಿ ಹಸಿರು ಪುಡಿ ಉದುರಿತು. ಮೂವತ್ತು ವರ್ಷದಿಂದ ತೋಟಕ್ಕೆ ಬೋರ್ಡೋ ಮದ್ದು ಹೊಡೆಸುತ್ತಿರುವವನಿಗೆ ಆ ಬಣ್ಣದ ಗುರುತು ಹೇಳಿಕೊಡಬೇಕೇ? ಮೈಲುತುತ್ತ! ಸುಣ್ಣದ ಜೊತೆ ಬೋರ್ಡೋಗೆ ಕಲಸುವುದು ಅದನ್ನೇ.

ಹಾಗಾದರೆ ಕ್ಲಾಂಪಿನ ಮೇಲೆ ಉಳಿದದ್ದಕ್ಕೆ ಸುಣ್ಣದ ನೀರು ಹಾಕಲೇ? ಹಂಡೆಯಲ್ಲಿ ಹೇಗೂ ಇದೆ.

ಹಳೆ ಪಾನಾ (ಕಾರವಾರ):

ಹೌದು, ಅದು ಮೈಲುತುತ್ತವೇ. ಬ್ಯಾಟರಿಯ ಗಂಧಕಾಮ್ಲದ ಆವಿ ಮತ್ತೆ ಕೇಬಲ್ಲಿನ ತಾಮ್ರ ಸೇರಿದರೆ ಇನ್ನೇನು ಆಗೂದು? ಮಳೆಗಾಲದ ತೇವ ಸಿಪ್ಪೆಯೊಳಗೆ ಎಳೆದುಕೊಂಡು ಹೋಗಿದೆ. ಸುಣ್ಣದ ಯೋಚನೆ ತಪ್ಪಲ್ಲ, ಹುಳಿಗೆ ಕ್ಷಾರ. ಆದರೆ ಸುಣ್ಣ ಒಣಗಿದರೆ ಸಂದಿಯಲ್ಲಿ ಗಟ್ಟಿ ಕೂರ್ತದೆ. ಅಡುಗೆ ಸೋಡಾ ಬಿಸಿನೀರಿನಲ್ಲಿ ಕಲಸಿ ಹಳೆ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ, ಬ್ಯಾಟರಿಯ ಮುಚ್ಚಳದೊಳಗೆ ಹೋಗದ ಹಾಗೆ. ಒಣಗಿದ ಮೇಲೆ ವ್ಯಾಸಲೀನ್ ಸವರಿ.

ಕೇಬಲ್ ಪೂರ್ತಿ ಹೊಸದೇ ಹಾಕಿ, ತುಂಡು ಮಾಡಿ ಜೋಡಿಸಬೇಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಪ್ಲಸ್ ಬಿಚ್ಚುವ ಪಾನಾ ಕಾರಿನ ತಗಡಿಗೆ ತಾಗಿ ವೆಲ್ಡಿಂಗ್ ಆಗ್ತದೆ. ನನ್ನ ಎಡಗೈ ಬೆರಳಿನಲ್ಲಿ ಉಂಗುರ ಸುಟ್ಟ ಗುರುತು ಇನ್ನೂ ಇದೆ.

ತೋಟದಮನೆ (ಶಿರಸಿ):

ಕೇಬಲ್ 350 ರೂಪಾಯಿ. ನಾನೇ ಹಾಕಿದೆ. ಒಂದೇ ಪೆಟ್ಟಿಗೆ ಸ್ಟಾರ್ಟ್. ಕಾರನ್ನು ಅಂಗಳಕ್ಕೆ ಇಳಿಸಿದೆ.

ತೋಟದಮನೆ (ಶಿರಸಿ), ಹನ್ನೊಂದು ದಿನದ ಮೇಲೆ:

ಮತ್ತೆ ಬಂದೆ, ಬೈಯಬೇಡಿ. ಭಾನುವಾರ ಪೇಟೆಗೆ ಹೋಗಿ ಬಂದು ನಿಲ್ಲಿಸಿದ್ದೆ, ಗುರುವಾರ ಬೆಳಿಗ್ಗೆ ಸ್ಟಾರ್ಟ್ ಇಲ್ಲ. ಈ ಸಲ ‘ಟಕಟಕಟಕಟಕ’ ಅಂತ ಮೆಷಿನ್ ಗನ್ ಹಾಗೆ. ದೀಪ ಮಂದ. ಹಾರ್ನು ಬೆಕ್ಕು ಕೂಗಿದಂತೆ. ಇಂಜಿನ್ನಿಗೂ ಗುಬ್ಬಿಗೂ ಮೀಟರ್ ಹಿಡಿದರೆ 0.1 ಮಾತ್ರ, ಅಂದರೆ ಅರ್ತ್ ಸರಿ ಇದೆ. ಬ್ಯಾಟರಿ 11.7.

ಅರಬೈಲ್ ತಿರುವು (ಯಲ್ಲಾಪುರ):

ನಾನು ಮೊದಲೇ ಹೇಳಿದ್ದೆ, ಬ್ಯಾಟರಿ.

ಹಳೆ ಪಾನಾ (ಕಾರವಾರ):

ಬ್ಯಾಟರಿ ಬರಿದಾಗಿದೆ ಅನ್ನೂದು ಹೌದು, ಹಾಳಾಗಿದೆ ಅನ್ನೂದು ಇನ್ನೂ ಗೊತ್ತಿಲ್ಲ. ಕಳ್ಳ ಇಬ್ಬರಿದ್ದರು, ಒಬ್ಬ ಸಿಕ್ಕಿಬಿದ್ದ ಮೇಲೆ ಇನ್ನೊಬ್ಬನ ಸದ್ದು ಕೇಳ್ತಾ ಇದೆ. ಒಂದೇ ‘ಟಕ್’ ಬೇರೆ, ‘ಟಕಟಕ’ ಬೇರೆ. ಸೊಲೆನಾಯ್ಡ್ ಎಳೀತದೆ, ಮೋಟರ್ ಕರೆಂಟು ಕೇಳಿದ ಕೂಡಲೇ ವೋಲ್ಟ್ ಬೀಳ್ತದೆ, ಸೊಲೆನಾಯ್ಡ್ ಬಿಡ್ತದೆ, ವೋಲ್ಟ್ ಏಳ್ತದೆ, ಮತ್ತೆ ಎಳೀತದೆ.

ಕಾರು ನಿಂತಾಗ ಯಾರೋ ಕುಡೀತಾ ಇದ್ದಾರೆ. ಚಾರ್ಜ್ ಮಾಡಿಸಿ ತಂದ ಮೇಲೆ ಮೈನಸ್ ಬಿಚ್ಚಿ, ಗುಬ್ಬಿಗೂ ಕ್ಲಾಂಪಿಗೂ ನಡುವೆ ಮೀಟರ್ ಹಾಕಿ. ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಬದಲಿಸೂದು ಮರೀಬೇಡಿ. ಮೀಟರ್ ಹಾಕಿಕೊಂಡು ಸೆಲ್ಫ್ ಹೊಡೆದರೆ ಮೀಟರ್ ಢಮಾರ್. ಬಾಗಿಲೆಲ್ಲ ಹಾಕಿ ಅರ್ಧ ಗಂಟೆ ಬಿಡಿ, ಚಾ ಕುಡಿದು ಬನ್ನಿ. 0.05 ಆಂಪಿಯರಿನ ಒಳಗಿದ್ದರೆ ಸಹಜ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳ್ತಾ ಬನ್ನಿ, ಯಾವುದು ಕಿತ್ತಾಗ ಬೀಳ್ತದೋ ಅಲ್ಲಿದೆ.

ಹೊರಗಿನಿಂದ ಏನಾದರೂ ಹಾಕಿಸಿದ್ದೀರಾ? ಕ್ಯಾಮೆರಾ, ಹಾಡಿನ ಸೆಟ್ಟು?

ತೋಟದಮನೆ (ಶಿರಸಿ):

ಮೀಟರ್ 0.31. ಆರನೆಯ ಫ್ಯೂಸ್ ಕಿತ್ತಾಗ 0.02ಕ್ಕೆ ಬಿತ್ತು. ಹಾಡಿನ ಸೆಟ್ಟು!

ಬೇಸಿಗೆಯಲ್ಲಿ ತಂಗಿಯ ಮಗ ಬಂದವನು ಹೊಸ ಸೆಟ್ಟು ಕೂರಿಸಿಕೊಟ್ಟಿದ್ದ. ಕೀ ಇಲ್ಲದೆಯೂ ಹಾಡು ಬರುತ್ತದೆ ಮಾವ, ಅಂತ ಹೆಮ್ಮೆಯಿಂದ ತೋರಿಸಿದ್ದ. ಬಿಚ್ಚಿ ನೋಡಿದರೆ ಹಳದಿ ಮತ್ತು ಕೆಂಪು ವೈರ್ ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದ್ದಾನೆ. ಲೆಕ್ಕ ಹಾಕಿದೆ: 0.31ನ್ನು 24ರಿಂದ ಗುಣಿಸಿದರೆ ದಿನಕ್ಕೆ ಏಳೂವರೆ ಆಂಪಿಯರ್-ಅವರ್ ಹತ್ತಿರ. ನನ್ನದು 35ರ ಬ್ಯಾಟರಿ. ಭಾನುವಾರದಿಂದ ಗುರುವಾರಕ್ಕೆ ಇನ್ನೆಷ್ಟು ಉಳಿಯಬೇಕು?

ಅವನಿಗೆ ಫೋನ್ ಮಾಡಿ ಹೇಳಿದೆ. “ಆದರೆ ಹಾಡು ಕೇಳುತ್ತಿತ್ತಲ್ಲ ಮಾವ” ಅಂದ.

ಹಳೆ ಪಾನಾ (ಕಾರವಾರ):

ಹಳದಿ ವೈರ್ ಗಡಿಯಾರ, ಸ್ಟೇಷನ್ ನೆನಪಿಗೆ, ಅದು ಸದಾ ಕರೆಂಟಿನಲ್ಲೇ ಇರಲಿ. ಕೆಂಪನ್ನು ಕೀ ಆನ್ ಮಾಡಿದಾಗ ಮಾತ್ರ ಬರುವ ಕಡೆಗೆ ಕೊಡಿ, ಸೋಲ್ಡರ್ ಹಾಕಿ. ಟೇಪ್ ಬೇಸಿಗೆಗೆ ಅಂಟು ಬಿಡ್ತದೆ. ಆಮೇಲೆ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಹಿಡಿದು ನೋಡಿ, 13.8ರಿಂದ 14.4 ಇರಬೇಕು. ಇಷ್ಟು ದಿನ ಕೊಳೆತ ಅರ್ತ್ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಏಗಿದೆ, ಅದೂ ಗಟ್ಟಿ ಇದೆಯಾ ಅಂತ ಗೊತ್ತಾಗಲಿ. ಎಷ್ಟು ಬಂತು ಹೇಳಿ.

ತೋಟದಮನೆ (ಶಿರಸಿ):

14.1. ಹೆಡ್‌ಲೈಟು, ವೈಪರ್ ಹಾಕಿದರೆ 13.9.

ಆಯಿ ಇವತ್ತು ಅಂಗಳದಲ್ಲೇ ಹತ್ತಿ ಕೂತಳು. ಸ್ಟಾರ್ಟ್ ಆದಮೇಲೆಯೂ ಕೊಡೆ ಮಡಚಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ಸ್ಟೀರಿಯೋ ಕೆಲಸ ಇನ್ನೂ ಮಾಡಿಲ್ಲ. ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟಿದ್ದೇನೆ.