ಪದ ಬೇಕು: ಗಂಬೋಗೆ ಹಾಕುವ ‘ರೂ’ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ನಾನಿರುವುದು ಅಮೆರಿಕದ ಲೂಸಿಯಾನಾದಲ್ಲಿ. ಇಲ್ಲಿನ ಕನ್ನಡದವರು ತರುತ್ತಿರುವ ಅಡುಗೆ ಪುಸ್ತಕಕ್ಕೆ ಕೋಳಿ, ಸಾಸೇಜ್ ಹಾಕಿದ ಗಂಬೋ (ಇಲ್ಲಿನ ಗಟ್ಟಿ ಸಾರು) ಮಾಡುವ ಬಗೆ ಬರೆಯುತ್ತಿದ್ದೇನೆ. ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ ತನಕ ಸಲೀಸು. ಸಿಕ್ಕಿಕೊಂಡಿದ್ದು ‘ರೂ’ ಹತ್ತಿರ. ಮೈದಾ, ಎಣ್ಣೆ ಸಮಸಮ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕು. ಮೊದಲು ಕಡಲೆಕಾಯಿ ಸಿಪ್ಪೆಯ ಬಣ್ಣ, ಆಮೇಲೆ ಚಾಕೊಲೇಟ್ ಬಣ್ಣ ಬರುತ್ತದೆ. ‘ರೂ 1 ಕಪ್’ ಅಂತ ಬರೆದರೆ ಒಂದು ರೂಪಾಯಿ ಅಂದುಕೊಳ್ಳುತ್ತಾರೆ. ‘ಹುರಿಹಿಟ್ಟು’ ಅನ್ನಬಹುದಾ? ಇನ್ನೊಂದು. ಗಂಬೋ ಅಂದರೆ ಮೂಲದಲ್ಲಿ ಬೆಂಡೆಕಾಯಿ ಅಂತೆ. ‘ಬೆಂಡೆಕಾಯಿ ಸಾರು’ ಅನ್ನೋಣ ಅಂದರೆ ನಾನು ಮಾಡುವುದರಲ್ಲಿ ಬೆಂಡೆಕಾಯಿಯೇ ಇಲ್ಲ.

ಉತ್ತರ 1

ಹುರಿಹಿಟ್ಟು ಬೇಡ. ಅದು ಆಗಲೇ ಬೇರೆಯದರ ಹೆಸರು. ರಾಗಿ ಅರಳು ಬೀಸಿ, ಬೆಲ್ಲ ಹಾಲು ಹಾಕಿ ಕಲಸಿ ತಿನ್ನುವುದು.

ಫ್ರೆಂಚಿನಲ್ಲಿ ‘ರೂ’ ಅಂದರೆ ಕೆಂಪು ಬೆರೆತ ಕಂದು. ನಮ್ಮ ಅಡುಗೆಮನೆಯ ಮಾತೂ ಅದೇ. ‘ಈರುಳ್ಳಿ ಕೆಂಪಗೆ ಹುರಿ’ ಅನ್ನುತ್ತೇವೆ, ‘ಕಂದಗೆ’ ಅನ್ನುವುದಿಲ್ಲ. ಹಿಟ್ಟಿಗೆ ಹಳಗನ್ನಡದಲ್ಲಿ ಪಿಟ್ಟು. ಹಾಗಾಗಿ ಕೆಂ + ಪಿಟ್ಟು, ಕೆಂಬಿಟ್ಟು. ಕಣ್ + ಪನಿ ಕಂಬನಿ ಆದ ಹಾಗೆ. ಮೆಣಸಿನಕಾಯಿ ಹೊರಗಿಂದ ಬಂದಾಗ ಹಿರಿಯರು ಮೆಣಸಿನಿಂದಲೇ ಹೆಸರು ಕಟ್ಟಿದರು. ನಾವೇಕೆ ಕೈಚಾಚಬೇಕು?

ಉತ್ತರ 2

ಕೆಂಬಿಟ್ಟು ಯಾರಿಗೂ ತಿಳಿಯದು. ಸೌಟು ಹಿಡಿದವರು ನಿಘಂಟು ತೆಗೆಯುವ ಹಾಗಾಗಬಾರದು. ಅದೇ ಹಿರಿಯರು ಅನಾನಸು, ಟೊಮೇಟೊ ಹಾಗೇ ಇಟ್ಟುಕೊಂಡರಲ್ಲ, ಅದನ್ನೂ ಹೇಳಿ.

ಗಂಬೋ ಮಾತ್ರ ಮುಟ್ಟಬೇಡಿ. ಆಫ್ರಿಕಾದ ಬಾಂಟು ನುಡಿಗಳಲ್ಲಿ ಬೆಂಡೆಕಾಯಿಗಿರುವ ಹೆಸರು ಅದು. ಗುಲಾಮರಾಗಿ ಹಿಡಿದು ತಂದವರ ಜೊತೆ ಕಡಲು ದಾಟಿ ಬಂದ ಪದ. ಅದನ್ನು ಅಳಿಸಿದರೆ ಅವರ ಗುರುತೇ ಹೋಗುತ್ತದೆ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಸಸಾಫ್ರಸ್ ಅನ್ನುವ ಮರದ ಎಲೆಗೆ ಹೇಳುವ ‘ಕೊಂಬೊ’ದಿಂದ ಬಂತು ಅನ್ನುವವರೂ ಇದ್ದಾರೆ. ನನಗೆ ಬೆಂಡೆಕಾಯಿಯೇ ಸರಿ ಅನ್ನಿಸುತ್ತದೆ. ಬೆಂಡೆಕಾಯಿ ಇಲ್ಲದಿದ್ದರೂ ಹೆಸರು ನಿಲ್ಲುತ್ತದೆ. ಎಳ್ + ನೆಯ್ ಸೇರಿ ಎಣ್ಣೆ ಆಯಿತು. ಕೊಬ್ಬರಿ ಎಣ್ಣೆಯಲ್ಲಿ ಎಳ್ಳಿಲ್ಲ, ಆದರೂ ಎಣ್ಣೆ ಅನ್ನುತ್ತೇವೆ ಅಲ್ವಾ?

ಉತ್ತರ 3 (ಮೊದಲು ಉತ್ತರಿಸಿದವರಿಂದ)

ಟೊಮೇಟೊ ಒಂದು ಹಣ್ಣು, ಹೆಸರು ಹೊತ್ತುಕೊಂಡೇ ಬಂತು. ‘ರೂ’ ಹಾಗಲ್ಲ, ಒಲೆ ಮುಂದೆ ನಿಂತು ಮಾಡುವ ಕೆಲಸ. ಹುರಿ, ಕರಿ, ಬಾಡಿಸು, ಒಗ್ಗರಿಸು ಅಂತ ಕೆಲಸಕ್ಕೆ ಇಷ್ಟು ಮಾತಿರುವಾಗ ಎರವಲು ತರುವುದು ಸೋಮಾರಿತನ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಉತ್ತರ 4 (ಕೇಳಿದವರಿಂದ)

ಗಂಬೋ ಹಾಗೇ ಉಳಿಸಿದೆ. ‘ರೂ’ ಇರುವಲ್ಲಿ ‘ಕೆಂಪಗೆ ಹುರಿದ ಹಿಟ್ಟು’ ಅಂತ ಹಾಕಿ ಕಳಿಸುತ್ತಿದ್ದೇನೆ. ಕೆಂಬಿಟ್ಟು ನನಗೆ ತುಂಬಾ ಹಿಡಿಸಿತು. ಅಮ್ಮನಿಗೆ ಓದಿ ಹೇಳಿದರೆ ‘ರಾಗಿ ಹಿಟ್ಟಾ?’ ಅಂತ ಕೇಳಿದರು.

ಇನ್ನೊಂದು ಉಳಿದಿದೆ. ಹಿಟ್ಟು ಜಾಸ್ತಿ ಕೆಂಪಾದಷ್ಟೂ ಸಾರು ಗಟ್ಟಿಯಾಗುವುದು ಕಡಿಮೆ. ಅದಕ್ಕೇ ಕೊನೆಯಲ್ಲಿ ಸಸಾಫ್ರಸ್ ಎಲೆಯ ಪುಡಿ ಉದುರಿಸುತ್ತೇವೆ. ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಎಳೆ ಎಳೆಯಾಗುತ್ತದೆ. ಹಾಗೆ ಎಳೆ ಬರುವುದಕ್ಕೆ ‘ಅಂಟು’ ಅನ್ನಲಾ, ‘ಲೋಳೆ’ ಅನ್ನಲಾ?

ಉತ್ತರ 5

ಲೋಳೆ. ಬೆಂಡೆಕಾಯಿಗೂ ಅದೇ ಮಾತು.