ಸಹಾಯ ಬೇಕು: ಬೇಮ್ಯಾಕ್ಸ್ ಕಣ್ಣು ಕೆಂಪಾಗಬೇಕು

ಶನಿವಾರ ಮಗಳ ಶಾಲೆಯಲ್ಲಿ ಛದ್ಮವೇಷ. ಅವಳಿಗೆ ‘ಬಿಗ್ ಹೀರೋ 6’ ಕಾರ್ಟೂನ್ ಸರಣಿಯ ರೋಬೋಟ್ ಬೇಮ್ಯಾಕ್ಸೇ ಆಗಬೇಕಂತೆ. ಇಡ್ಲಿ ಹಾಗೆ ಉಬ್ಬಿದ ಬಿಳಿ ಅಂಗಿ ಹೊಲಿದಾಯ್ತು. ತೊಂದರೆ ಕಣ್ಣಿನದು.

2014ರ ಸಿನಿಮಾದಲ್ಲಿ ಅದರ ಎದೆಯೊಳಗೆ ಎರಡು ಚಿಪ್ ಇರುತ್ತವೆ ನೋಡಿ. ಬೇಮ್ಯಾಕ್ಸನ್ನು ತಯಾರಿಸಿದ ತದಾಶಿ ಎಂಬ ಹುಡುಗ ಮಾಡಿದ ಹಸಿರು ಚಿಪ್ ಆರೈಕೆಗೆ, ಅವನ ತಮ್ಮ ಹಿರೋ ಎಂಬವನು ಸೇರಿಸಿದ ಕೆಂಪು ಚಿಪ್ ಹೊಡೆದಾಟಕ್ಕೆ. ಹಸಿರು ಕಿತ್ತರೆ ಕಣ್ಣು ಕೆಂಪಾಗುತ್ತದೆ, ನಮ್ಮ ಮುದ್ದು ಬೇಮ್ಯಾಕ್ಸ್ ಗೆಳೆಯರು ಬೇಡ ಅಂದರೂ ಕೇಳಲ್ಲ. ಇವಳಿಗೆ ಅದೇ ಬೇಕು!

ಬಟ್ಟೆ ಕ್ಲಿಪ್ಪಿನ ಎರಡೂ ಬಾಯಿಗೆ ಫಾಯಿಲ್ ಸುತ್ತಿ, ನಡುವೆ ರಟ್ಟಿನ ಚಿಪ್ ಸಿಕ್ಕಿಸಿದೆ. ರಟ್ಟು ಎಳೆದರೆ ಎಲ್‌ಇಡಿ ಒಮ್ಮೆ ಹೊತ್ತುತ್ತೆ, ಇನ್ನೊಮ್ಮೆ ಸುಮ್ನೆ ಇರುತ್ತೆ. 3 ವೋಲ್ಟ್ ಬಟನ್ ಸೆಲ್ ಹಾಕಿದ್ದೇನೆ. ಫಾಯಿಲ್ ಬದಲು ಏನು ಹಾಕಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.