ಪಚ್ಚೆ ಹಗಲಲ್ಲೂ ಕಣ್ಣು ಮುಚ್ಚಿಕೊಂಡೇ ಇದ್ದಾನೆ, ಊಸರವಳ್ಳಿ ಸಾಕಿರುವವರು ದಯವಿಟ್ಟು ಹೇಳಿ

ಸಾಗರದವಳು_ಆಸ್ಟಿನ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಮನೆಯಲ್ಲಿ ಒಂದು ವೇಲ್ಡ್ ಊಸರವಳ್ಳಿ ಇದೆ. ಯೆಮೆನ್ ಕಡೆಯ ಜಾತಿ, ತಲೆ ಮೇಲೆ ಎತ್ತರದ ಜುಟ್ಟಿನ ಹಾಗೆ ಇರುತ್ತಲ್ಲ, ಅದೇ. ಗಂಡು, 14 ತಿಂಗಳು. ಮಗಳು ಪಚ್ಚೆ ಅಂತ ಹೆಸರಿಟ್ಟಿದ್ದಾಳೆ.

ಐದು ದಿನದ ಹಿಂದೆ ಮಧ್ಯಾಹ್ನ ಅವನ ಎಡಗಣ್ಣು ಮುಚ್ಚಿತ್ತು. ನಿದ್ದೆ ಇರಬೇಕು ಅಂದುಕೊಂಡೆ. ಮರುದಿನವೂ ಹಾಗೇ. ಈಗ ಎರಡೂ ಕಣ್ಣು ಮುಚ್ಚುತ್ತಾನೆ, ಎಡಗಣ್ಣಿನ ರೆಪ್ಪೆ ಬಟಾಣಿ ಕಾಳಿನ ಹಾಗೆ ಊದಿಕೊಂಡಿದೆ. ಕೊಂಬೆಗೆ ಕಣ್ಣು ಉಜ್ಜುತ್ತಾನೆ. ಮೊನ್ನೆ ಕ್ರಿಕೆಟ್ ಹುಳುವಿಗೆ ನಾಲಿಗೆ ಬಿಟ್ಟ, ಗುರಿ ತಪ್ಪಿತು. ನಿನ್ನೆಯಿಂದ ನಾಲಿಗೆ ಹೊರಗೇ ತೆಗೆದಿಲ್ಲ.

ಗೂಡು ಜಾಲರಿಯದು, 2 ಅಡಿ ಅಗಲ, 2 ಅಡಿ ಉದ್ದ, 4 ಅಡಿ ಎತ್ತರ. ಒಳಗೆ ಮನಿ ಪ್ಲಾಂಟ್ ಮತ್ತು ಒಂದು ಫೈಕಸ್ ಗಿಡ. ದಿನಕ್ಕೆ ಎರಡು ಸಲ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯುತ್ತೇನೆ, ಒಂದೊಂದು ನಿಮಿಷ ಇರಬಹುದು. ಹುಳುಗಳಿಗೆ ಪ್ರತಿಸಲ ಕ್ಯಾಲ್ಸಿಯಂ ಪುಡಿ ಸವರುತ್ತೇನೆ. ಹದಿನೈದು ದಿನಕ್ಕೊಮ್ಮೆ ವಿಟಮಿನ್ ಪುಡಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕೊಡುವ ಹಳೆಯ ಯುವಿಬಿ ಟ್ಯೂಬ್ ಹೋದ ತಿಂಗಳು ಒಡೆದುಹೋಯಿತು, ಅಂಗಡಿಯವರು ಸುರುಳಿ ಬಲ್ಬ್ ಒಂದನ್ನು ಕೊಟ್ಟು ಇದೂ ಅದೇ ಕೆಲಸ ಮಾಡುತ್ತೆ ಅಂದರು. ಅದನ್ನು ಜಾಲರಿಯ ಮೇಲೇ ಇಟ್ಟಿದ್ದೇನೆ. ಅವನು ಬಿಸಿಲು ಕಾಯುವ ಕೊಂಬೆ ಅದರಿಂದ ಅರ್ಧ ಗೇಣು ಕೆಳಗೆ.

ಊರಿಂದ ಅಮ್ಮ ಫೋನಿನಲ್ಲಿ ನಂದಿಬಟ್ಟಲು ಹೂವಿನ ರಸ ಬಿಡು ಅನ್ನುತ್ತಾರೆ. ಪಕ್ಕದ ಮನೆಯವರು ವಿಟಮಿನ್ ಎ ಕ್ಯಾಪ್ಸೂಲ್ ಒಡೆದು ಬಾಯಿಗೆ ಹಾಕಿ ಅಂದರು. ಮಗಳಿಗೆ ಹೋದ ವರ್ಷ ಕಣ್ಣು ಬೇನೆ ಬಂದಾಗ ತಂದ ಡ್ರಾಪ್ಸ್ ಸಹ ಮನೆಯಲ್ಲಿದೆ, ಅದರ ಮೇಲೆ ಟೋಬ್ರಾಮೈಸಿನ್ ಮತ್ತು ಡೆಕ್ಸಾಮೆಥಾಸೋನ್ ಅಂತ ಬರೆದಿದೆ. ಹಾಕಬಹುದಾ? ಮಗಳು ಶಾಲೆಯಿಂದ ಬಂದವಳು ಚೀಲ ಕೂಡ ಇಳಿಸದೆ ಗೂಡಿನ ಮುಂದೆ ಕೂರುತ್ತಾಳೆ, ನೋಡೋಕೆ ಆಗ್ತಿಲ್ಲ.

ಗಿಡಗಂಟಿ_ನ್ಯೂಜೆರ್ಸಿ

ಅಕ್ಕ, ಮೊದಲು ಒಂದು ಮಾತು. ಯಾವುದನ್ನೂ ಹಾಕಬೇಡಿ. ಹೂವಿನ ರಸ, ಕ್ಯಾಪ್ಸೂಲ್, ಮಗಳ ಡ್ರಾಪ್ಸ್ ಮೂರೂ ಬೇಡ. ಒಂಬತ್ತು ವರ್ಷದಿಂದ ಇವುಗಳನ್ನು ಸಾಕುತ್ತಿದ್ದೇನೆ, ಮೊದಲನೆಯದನ್ನು ಕಳೆದುಕೊಂಡಿದ್ದು ಹೀಗೇ. ಕಣ್ಣು ಊದಿತ್ತು, ಎಲ್ಲೋ ಓದಿ ವಿಟಮಿನ್ ಎ ಕ್ಯಾಪ್ಸೂಲಿನ ಎಣ್ಣೆಯನ್ನು ವಾರವಿಡೀ ಬಾಯಿಗೆ ಬಿಟ್ಟೆ. ಗಂಟಲ ಕೆಳಗೆ ಚೀಲದ ಹಾಗೆ ನೀರು ತುಂಬಿತು, ಚರ್ಮ ಸುಲಿಯತೊಡಗಿತು. ಮನುಷ್ಯರ ಕ್ಯಾಪ್ಸೂಲಿನಲ್ಲಿರುವ ಪ್ರಮಾಣ ನೂರಿಪ್ಪತ್ತು ಗ್ರಾಂ ತೂಗುವ ಜೀವಕ್ಕೆ ಎಷ್ಟು ಜಾಸ್ತಿ ಅಂತ ನನಗಾಗ ಗೊತ್ತಿರಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇವತ್ತೇ ಆ ಸುರುಳಿ ಬಲ್ಬ್ ತೆಗೆಯಿರಿ. ಹಿಂದೆ ಇಂಥ ಕೆಲವು ಬಲ್ಬುಗಳಿಂದ ಹಲ್ಲಿ ಜಾತಿಯ ಪ್ರಾಣಿಗಳಿಗೆ ಕಣ್ಣುರಿ ಬಂದದ್ದು ಇದೆ, ವೆಲ್ಡಿಂಗ್ ಬೆಳಕು ನೋಡಿದವರಿಗೆ ಕಣ್ಣು ಚುಚ್ಚುತ್ತಲ್ಲ, ಅದೇ ತರಹ. ಈಗ ಬರುವ ಬಲ್ಬುಗಳು ಅಷ್ಟು ಕೆಟ್ಟದ್ದಲ್ಲ ಅನ್ನುತ್ತಾರೆ, ಆದರೂ ಅರ್ಧ ಗೇಣು ದೂರ ಅಂದರೆ ತೀರಾ ಹತ್ತಿರ ಆಯ್ತು. ಬೆಳಕೂ ಒಂದೇ ಜಾಗಕ್ಕೆ ಬೀಳುತ್ತದೆ. ಉದ್ದನೆಯ ಟಿ5 ಟ್ಯೂಬ್ ತನ್ನಿ, ಆರ್ಕೇಡಿಯಾದ 6 ಪರ್ಸೆಂಟ್ ಅಥವಾ ರೆಪ್ಟಿಸನ್ 5.0, ಎರಡರಲ್ಲಿ ಯಾವುದಾದರೂ ಸರಿ. ಕೊಂಬೆಯ ಮೇಲೆ ಕೂತಾಗ ಬೆನ್ನಿಗೆ ಬೀಳುವ ಯುವಿ ಇಂಡೆಕ್ಸ್ ಸುಮಾರು 3 ಇರಬೇಕು. ಅಳೆಯುವ ಮೀಟರ್ ತುಟ್ಟಿ, ಹತ್ತಿರದಲ್ಲಿ ಸರೀಸೃಪ ಸಾಕುವವರ ಗುಂಪು ಇದ್ದರೆ ಕೇಳಿ, ಒಬ್ಬರಲ್ಲಾದರೂ ಇರುತ್ತೆ. ಟ್ಯೂಬ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಕಾಣುವ ಬೆಳಕು ಹಾಗೇ ಇದ್ದರೂ ಯುವಿಬಿ ಕಡಿಮೆಯಾಗುತ್ತಾ ಬರುತ್ತದೆ.

ಎರಡನೆಯದು ನೀರು. ಒಂದು ನಿಮಿಷ ಸಾಲದು. ಊಸರವಳ್ಳಿ ಕಣ್ಣು ತೊಳೆದುಕೊಳ್ಳೋದು ನೀವು ನೋಡಿರಬಹುದು, ಮಂಜಿನ ಹಾಗೆ ನೀರು ಬೀಳುತ್ತಿರುವಾಗ ಕಣ್ಣನ್ನು ಉಬ್ಬಿಸಿ, ಗಿರಗಿರ ತಿರುಗಿಸಿ ಒಳಗಿನ ಕಸ ಹೊರಹಾಕುತ್ತೆ. ಅದಕ್ಕೆ ಸಮಯ ಬೇಕು. ಬೆಳಿಗ್ಗೆ ದೀಪ ಹತ್ತುವ ಮುಂಚೆ ಮತ್ತು ರಾತ್ರಿ ದೀಪ ಆರುವ ಹೊತ್ತಿಗೆ ಎರಡು ಮೂರು ನಿಮಿಷ ಸಣ್ಣ ಹನಿ ಬೀಳಲಿ, ಹಗಲು ಗೂಡು ಒಣಗಲಿ. ಹಿಕ್ಕೆಯಲ್ಲಿ ಬಿಳಿ ಭಾಗ ಇರುತ್ತಲ್ಲ, ಅದರ ಬಣ್ಣ ಏನು? ಕಣ್ಣಿನ ಗೋಪುರ, ಅಂದರೆ ಕಣ್ಣನ್ನು ಮುಚ್ಚಿರುವ ರೆಪ್ಪೆಯ ಉಬ್ಬು, ಗುಳಿಬಿದ್ದಿದೆಯಾ? ಮತ್ತೆ ಫೈಕಸ್ ಗಿಡದ ಎಲೆ ಇತ್ತೀಚೆಗೆ ಕತ್ತರಿಸಿದಿರಾ? ಅದರ ಹಾಲು ಕಣ್ಣಿಗೆ ಬಿದ್ದರೂ ಹೀಗೆ ಊದುತ್ತೆ. ರಾತ್ರಿ ಗೂಡಲ್ಲಿ ಉಳಿದ ಕ್ರಿಕೆಟ್ ಹುಳುಗಳು ಕಣ್ಣಿನ ಸುತ್ತ ಕಚ್ಚುವುದೂ ಉಂಟು.

ಸಾಗರದವಳು_ಆಸ್ಟಿನ್

ಬಲ್ಬ್ ಈಗಲೇ ತೆಗೆದೆ. ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕಿದೆ, ಯಾವಾಗಿಂದ ಅಂತ ಗಮನಿಸಿಲ್ಲ. ಗಿಡ ಕತ್ತರಿಸಿಲ್ಲ. ಆದರೆ ಹೋದ ವಾರವೇ ಪೊರೆ ಬಿಟ್ಟ, ತಲೆಯ ಹತ್ತಿರ ಚೂರುಚೂರು ಉಳಿದಿತ್ತು. ವಿಟಮಿನ್ ಡಬ್ಬಿ ಓದಿದೆ, ಬೀಟಾ ಕ್ಯಾರೋಟಿನ್ ಅಂತ ಇದೆ, ವಿಟಮಿನ್ ಎ ಅಂತ ಬೇರೆ ಇಲ್ಲ.

ಹೆಬ್ಬಾಳದಲ್ಲಿ_ಓದಿದವನು

ನಾನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ ಈಗ ಒಹಾಯೋದಲ್ಲಿದ್ದೇನೆ, ಹಲ್ಲಿ ಹಾವು ಆಮೆಗಳನ್ನು ದಿನವೂ ನೋಡುತ್ತೇನೆ. ಮೇಡಂ, ಫೋಟೋ ನೋಡದೆ, ಮುಟ್ಟಿ ನೋಡದೆ ರೋಗ ಇದೇ ಅಂತ ಹೇಳಲಾರೆ. ಆದರೆ ಊಸರವಳ್ಳಿ ಹಗಲು ಕಣ್ಣು ಮುಚ್ಚಿದರೆ ಅದು ಬರೀ ಕಣ್ಣಿನ ತೊಂದರೆ ಅಂತ ತಿಳಿಯಬೇಡಿ. ಇವು ನೋವನ್ನು ಮುಚ್ಚಿಡುವ ಪ್ರಾಣಿಗಳು, ಕಾಡಿನಲ್ಲಿ ಸುಸ್ತಾದಂತೆ ಕಂಡರೆ ಹಕ್ಕಿಯೋ ಹಾವೋ ಹಿಡಿಯುತ್ತದೆ. ಕಣ್ಣು ಮುಚ್ಚಿ ಕೂತಿದೆ ಅಂದರೆ ಮುಚ್ಚಿಡುವ ಶಕ್ತಿಯೂ ಮುಗಿಯುತ್ತಾ ಬಂದಿದೆ ಅಂತ ಅರ್ಥ. ಐದು ದಿನ ಆಗಿದೆ, ಹಾಗಾಗಿ ನಾಳೆಯೇ ತೋರಿಸಿ. ನಾಯಿ ಬೆಕ್ಕು ಮಾತ್ರ ನೋಡುವವರ ಹತ್ತಿರ ಬೇಡ. ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರ ಸಂಘ ಇದೆ, ಎಆರ್‌ಎವಿ ಅಂತಾರೆ, ಅದರ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿ ಹುಡುಕಬಹುದು.

ಈಗ ಯಾಕೆ ಡ್ರಾಪ್ಸ್ ಬೇಡ ಅಂತ ಹೇಳುತ್ತೇನೆ. ನಿಮ್ಮ ಬಾಟಲಿಯ ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್. ಕಣ್ಣಿನ ಮೇಲ್ಪದರದಲ್ಲಿ ಸಣ್ಣ ಹುಣ್ಣಿದ್ದರೆ ಅದು ಮಾಯುವುದನ್ನು ಸ್ಟೀರಾಯ್ಡ್ ತಡೆಯುತ್ತದೆ, ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು. ಹುಣ್ಣಿದೆಯೋ ಇಲ್ಲವೋ ಅಂತ ತಿಳಿಯಲು ನಾವು ಒಂದು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತೇವೆ, ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಮನೆಯಲ್ಲಿ ಅದು ತಿಳಿಯುವುದಿಲ್ಲ.

ಊಸರವಳ್ಳಿಯ ಕಣ್ಣಿನ ರಚನೆಯೂ ಬೇರೆ. ಮೇಲಿನ ಕೆಳಗಿನ ರೆಪ್ಪೆ ಸೇರಿ ಒಂದು ಗೋಪುರವಾಗಿದೆ, ನಡುವೆ ಪಾಪೆಗೆ ಬೇಕಾದಷ್ಟೇ ತೂತು. ಪೊರೆಯ ಚೂರೋ ಧೂಳೋ ಒಳಗೆ ಸೇರಿದರೆ ಸುಲಭವಾಗಿ ಹೊರಬರುವುದಿಲ್ಲ. ಸೋಂಕಾದರೆ ಕೀವು ನಮ್ಮ ಹಾಗೆ ನೀರಾಗಿ ಹರಿಯುವುದಿಲ್ಲ, ಗಟ್ಟಿ ಗಿಣ್ಣಿನ ಹಾಗೆ ಹೆಪ್ಪುಗಟ್ಟುತ್ತದೆ. ಆ ಗಟ್ಟಿ ಕೀವಿನೊಳಕ್ಕೆ ಔಷಧಿ ಇಳಿಯುವುದಿಲ್ಲ. ಅದನ್ನು ತೊಳೆದು ತೆಗೆದ ಮೇಲೆಯೇ ಆಂಟಿಬಯಾಟಿಕ್‌ನಿಂದ ಉಪಯೋಗ.

ವಿಟಮಿನ್ ಎ ವಿಷಯದಲ್ಲಿ ನಿಮ್ಮ ಪಕ್ಕದ ಮನೆಯವರ ಅನುಮಾನ ಪೂರ್ತಿ ತಪ್ಪಲ್ಲ. ಬೀಟಾ ಕ್ಯಾರೋಟಿನ್ ಅನ್ನು ಊಸರವಳ್ಳಿಗಳು ಸರಿಯಾಗಿ ವಿಟಮಿನ್ ಎ ಮಾಡಿಕೊಳ್ಳುವುದಿಲ್ಲ ಅನ್ನುವುದು ನಮ್ಮಲ್ಲಿ ಬಹಳ ಜನರ ಅನುಭವ. ಅದು ಕಡಿಮೆಯಾದರೆ ಕಣ್ಣೀರಿನ ಗ್ರಂಥಿ ಮತ್ತು ನಾಳಗಳ ಒಳಪದರ ದಪ್ಪವಾಗಿ ಕಟ್ಟಿಕೊಳ್ಳುತ್ತದೆ, ರೆಪ್ಪೆ ಊದುತ್ತದೆ, ಪೊರೆ ಬಿಡುವುದೂ ಕೆಡುತ್ತದೆ. ಆದರೆ ಡೋಸ್ ತೂಕದ ಮೇಲೆ ಲೆಕ್ಕ ಹಾಕಿ ಕೊಡುವಂಥದ್ದು, ಮೇಲಿನವರು ತಮ್ಮ ಕಥೆಯಲ್ಲಿ ಹೇಳಿದ್ದು ಅಕ್ಷರಶಃ ನಿಜ. ಮುಂದಕ್ಕೆ ರೆಟಿನಾಲ್, ಅಂದರೆ ನೇರ ವಿಟಮಿನ್ ಎ, ಇರುವ ಪುಡಿಯನ್ನು ಡಾಕ್ಟರ್ ಹೇಳಿದಷ್ಟು ಬಳಸಿ.

ಕಿತ್ತಳೆ ಬಣ್ಣ ಅಂದರೆ ಮೈಯಲ್ಲಿ ನೀರು ಕಡಿಮೆ. ಅದು ಬಹಳ ದಿನದಿಂದ ಇದ್ದರೆ ಮೂತ್ರಪಿಂಡ ಹೇಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ ನೋಡಿ ಅಂತ ನೀವೇ ಕೇಳಿ. ಇವತ್ತು ರಾತ್ರಿ ಮಾಡಬಹುದಾದದ್ದು ಇಷ್ಟೇ. ಔಷಧಿ ಅಂಗಡಿಯಲ್ಲಿ ಸಿಗುವ 0.9 ಪರ್ಸೆಂಟ್ ಸ್ಟೆರೈಲ್ ಸಲೈನ್ ತಂದು ಕೋಣೆಯ ಬಿಸಿಗೆ ಬಂದ ಮೇಲೆ ಕಣ್ಣಿಗೆ ಎರಡು ಮೂರು ಹನಿ ಬಿಡಿ. ಲೆನ್ಸ್ ತೊಳೆಯುವ ದ್ರಾವಣ ಬೇಡ, ಹತ್ತಿ ಕಡ್ಡಿಯಿಂದ ಕೆದಕಬೇಡಿ, ರೆಪ್ಪೆ ಅಗಲಿಸಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದುಕೊಳ್ಳಿ. ಗೂಡಿನ ಫೋಟೋ, ಬಲ್ಬು, ಪುಡಿಯ ಡಬ್ಬಿ, ಹೊಸ ಹಿಕ್ಕೆ ಎಲ್ಲ ತೆಗೆದುಕೊಂಡು ಹೋಗಿ. ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಮಗಳಿಗೆ ಇದನ್ನೂ ಹೇಳಿ. ಊಸರವಳ್ಳಿ ಒಂದೇ ಕಣ್ಣಿನಿಂದಲೂ ಹುಳು ಎಷ್ಟು ದೂರದಲ್ಲಿದೆ ಅಂತ ಅಳೆಯಬಲ್ಲದು. ಕಣ್ಣಿನ ಫೋಕಸ್ ಸರಿಮಾಡಿಕೊಂಡೇ ಅದು ದೂರ ಲೆಕ್ಕ ಹಾಕುತ್ತದೆ. ಒಂದು ಕಣ್ಣು ಕಳೆದುಕೊಂಡೂ ಚೆನ್ನಾಗಿ ತಿಂದುಕೊಂಡಿರುವ ಎಷ್ಟೋ ಪ್ರಾಣಿಗಳನ್ನು ನೋಡಿದ್ದೇನೆ.

ಶಿರಾ_ತೋಟ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ತುಮಕೂರು ಜಿಲ್ಲೆ. ಬೇಲಿಯಲ್ಲಿ ಸಿಕ್ಕ ಗೋಸುಂಬೆಗೆ ಹುಡುಗರು ಕಲ್ಲು ಹೊಡೆದು ಒಂದು ಕಣ್ಣು ಊದಿದೆ. ನಮ್ಮೂರಲ್ಲಿ ಅದನ್ನು ಕಂಡರೆ ಅಪಶಕುನ ಅಂತ ಹೊಡೆಯುತ್ತಾರೆ, ನನಗೆ ಬಿಟ್ಟುಬರೋಕೆ ಮನಸ್ಸಾಗಲಿಲ್ಲ. ಸಲೈನ್ ಬಿಟ್ಟು ನಾನೇ ಸಾಕಿಕೊಳ್ಳಬಹುದಾ ಸಾರ್?

ಹೆಬ್ಬಾಳದಲ್ಲಿ_ಓದಿದವನು

ಬಿಟ್ಟುಬರದೆ ಎತ್ತಿಕೊಂಡಿರಲ್ಲ, ಒಳ್ಳೆಯದಾಯಿತು. ಆದರೆ ಸಾಕಬೇಡಿ. ನಮ್ಮ ನಾಡಿನ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಿಡಿದುಕೊಳ್ಳಲು ಒಂದು ಕೊಂಬೆ ಇಟ್ಟು, ನೆರಳಲ್ಲಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕಾಯುವಾಗ ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ, ಕತ್ತಲಲ್ಲಿ ಅದಕ್ಕೆ ಹೆದರಿಕೆ ಕಡಿಮೆ.

ಶಿರಾ_ತೋಟ

ಫೋನ್ ಮಾಡಿದೆ ಸಾರ್, ಸಂಜೆಗೆ ಬಂದು ತೆಗೆದುಕೊಂಡು ಹೋದರು. ಹುಡುಗರನ್ನೂ ಕರೆದು ತೋರಿಸಿದೆ, ಅದು ಕಚ್ಚಿದರೂ ವಿಷ ಇಲ್ಲ ಅಂತ ಬಂದವರೇ ಅವರಿಗೆ ಹೇಳಿದರು.

ಸಾಗರದವಳು_ಆಸ್ಟಿನ್

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾಯ್ತು. ಮರುದಿನವೇ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ತೋರಿಸಿದೆವು. ಎಡಗಣ್ಣಿಗೆ ಬಣ್ಣದ ಹನಿ ಹಾಕಿದಾಗ ಸಾಸಿವೆ ಕಾಳಿಗಿಂತ ಚಿಕ್ಕದಾದ ಹಸಿರು ಚುಕ್ಕೆ ಕಂಡಿತು. ಅಂದರೆ ಹುಣ್ಣಿತ್ತು. ಮಗಳ ಡ್ರಾಪ್ಸ್ ಹಾಕಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಸಲೈನ್‌ನಿಂದ ತೊಳೆದಾಗ ಗೋಪುರದ ಒಳಗಿಂದ ಮಡಚಿಕೊಂಡ ಪೊರೆಯ ಚೂರು, ಅದಕ್ಕೆ ಅಂಟಿದ ಬಿಳಿ ಗಟ್ಟಿ ಕೀವು ಬಂತು. ನೀವು ಹೇಳಿದ ಗಿಣ್ಣಿನ ಹಾಗೇ ಇತ್ತು. ಬಲಗಣ್ಣಿನಲ್ಲಿ ಹುಣ್ಣಿಲ್ಲ, ಬರೀ ಊತ, ಬಲ್ಬಿನಿಂದ ಇರಬಹುದು ಅಂದರು. ತೂಕ 118 ಗ್ರಾಂ, ಹೋದ ತಿಂಗಳು 131 ಇತ್ತು. ಚರ್ಮದ ಕೆಳಗೆ ನೀರು ಕೊಟ್ಟರು, ಸ್ಟೀರಾಯ್ಡ್ ಇಲ್ಲದ ಆಂಟಿಬಯಾಟಿಕ್ ಹನಿ ದಿನಕ್ಕೆ ಮೂರು ಸಲ, ವಿಟಮಿನ್ ಎ ತೂಕ ನೋಡಿ ಅವರೇ ಬಾಯಿಗೆ ಒಂದು ಹನಿ ಹಾಕಿದರು. ಯೂರಿಕ್ ಆಮ್ಲ ಸ್ವಲ್ಪ ಜಾಸ್ತಿ, ಗಾಬರಿ ಪಡುವಷ್ಟಲ್ಲವಂತೆ.

ಮೊದಲ ಆರು ದಿನ ಅವನು ತಾನಾಗಿ ತಿನ್ನಲಿಲ್ಲ. ರೇಷ್ಮೆ ಹುಳುವನ್ನು ಚಿಮುಟದಲ್ಲಿ ಹಿಡಿದು ತುಟಿಯಂಚಿಗೆ ಮುಟ್ಟಿಸಿದಾಗ ಸಿಟ್ಟಿನಿಂದ ಬಾಯಿ ತೆರೆಯುತ್ತಿದ್ದ, ಆಗ ಒಳಗಿಡಬೇಕು, ಅದನ್ನು ಡಾಕ್ಟರ್ ತೋರಿಸಿಕೊಟ್ಟಿದ್ದರು. ಹನಿ ಹಾಕುವಾಗ ಮೈಯೆಲ್ಲ ಕಪ್ಪಾಗುತ್ತಿದ್ದ, ಬುಸ್ ಅನ್ನುತ್ತಿದ್ದ. ಮಗಳು ಪಕ್ಕದಲ್ಲಿ ನಿಂತು ಮೆಲ್ಲಗೆ ಎಣಿಸುತ್ತಿದ್ದಳು, ಹತ್ತಕ್ಕೆ ಮುಗಿಸಬೇಕು ಅಂತ ನಮ್ಮಿಬ್ಬರ ಒಪ್ಪಂದ.

ಈಗ ಟ್ಯೂಬ್ ಬಂದಿದೆ, ಗುಂಪಿನವರೊಬ್ಬರು ಮನೆಗೇ ಬಂದು ಮೀಟರ್ ಹಿಡಿದು ಕೊಂಬೆ ಕೆಳಗಿಳಿಸಿ ಕೊಟ್ಟರು. ತಾನಾಗಿ ನೀರು ಹನಿಸುವ ಯಂತ್ರ ಇಟ್ಟಿದ್ದೇವೆ. ಹಿಕ್ಕೆಯ ಬಿಳಿ ಭಾಗ ಬಿಳಿಯಾಗಿದೆ. ಬಲಗಣ್ಣು ಪೂರ್ತಿ ಸರಿ. ಎಡಗಣ್ಣನ್ನು ಬೆಳಿಗ್ಗೆ ಇನ್ನೂ ತಡವಾಗಿ ತೆರೆಯುತ್ತಾನೆ, ಬರುವ ಗುರುವಾರ ಮತ್ತೆ ಹನಿ ಹಾಕಿ ನೋಡುತ್ತಾರೆ. ಮೊನ್ನೆ ಭಾನುವಾರ ಮಗಳು ಕೂಗಿದ್ದು ಕೇಳಿ ಒಲೆ ಆರಿಸಿ ಓಡಿದೆ, ಮೇಲಿನ ಕೊಂಬೆಯಿಂದ ನಾಲಿಗೆ ಬಿಟ್ಟು ಎರಡನೇ ಸಲಕ್ಕೆ ಹುಳು ಹಿಡಿದಿದ್ದ. ತೂಕ 124.